ಹೂಮಳೆ ಬಂದ ವಾರ, ಬೆಂಗಳೂರಿನ ಹನ್ನೆರಡು ನಿಮಿಷ

ಮಾರ್ಚ್ ತಿಂಗಳ ಒಂದು ಬುಧವಾರ ರಾತ್ರಿ ಸುಂಟಿಕೊಪ್ಪದಲ್ಲಿ 1 ಇಂಚು 35 ಸೆಂಟ್ ಮಳೆ ಬಿತ್ತು. ಕೊಡಗಿನ ತೋಟದವರು ಮಳೆಯನ್ನು ಇಂಚಿನಲ್ಲೇ ಅಳೆಯುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಕಾಫಿ ಹೂವಿಗೆ ಇದು ಹೇಳಿ ಮಾಡಿಸಿದಂಥ ಮಳೆ. ಬೆಳಗ್ಗೆ ಆರೂವರೆಗೇ ಎಲ್ಲರ ಫೋನಿನಲ್ಲೂ ಒಂದೇ ಪ್ರಶ್ನೆ: 'ನಿಮ್ಮಲ್ಲಿ ಎಷ್ಟು?'

ನನಗೂ ಒಂದು ಫೋನ್ ಬಂತು. 'ಅಕ್ಕಾ, ಮಳೆ ಬಂದುಬಿಡ್ತು.' ಹೇಳಿದ ಧಾಟಿ ಕೇಳಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಅನ್ನಬೇಕು.

ಫೋನ್ ಮಾಡಿದವಳು ನಮ್ಮ ತಂಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಆಗ ಎರಡನೇ ವರ್ಷ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ರೊಬಸ್ಟಾ ಕಾಫಿಗೆ ಯಾವ ಜೇನು ಎಷ್ಟು ಕೆಲಸ ಮಾಡುತ್ತದೆ ಎಂಬುದು ಅವಳ ವಿಷಯ. ಅವಳ ಮೊದಲ ದೊಡ್ಡ ಕಾನ್ಫರೆನ್ಸ್ ಮುಂದಿನ ಗುರುವಾರ, ಶುಕ್ರವಾರ, ಶನಿವಾರ ಬೆಂಗಳೂರಿನಲ್ಲಿತ್ತು. ಶುಕ್ರವಾರ ಬೆಳಗ್ಗೆ 11.20ಕ್ಕೆ ಅವಳು ಮಾತಾಡಬೇಕು. ಹನ್ನೆರಡು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ.

ರೊಬಸ್ಟಾ ಮೊಗ್ಗು ಒಳ್ಳೆ ಮಳೆ ಬಿದ್ದ ಏಳೆಂಟು ದಿನಕ್ಕೆ ಅರಳುತ್ತದೆ. ಬೆರಳಲ್ಲಿ ಎಣಿಸಿ ನೋಡಿ. ಗುರುವಾರ, ಇಲ್ಲವೇ ಶುಕ್ರವಾರ.

ಯಾಕೆ ಇಷ್ಟು ತಲೆಬಿಸಿ

ಕಾಫಿ ತೋಟ ನೋಡದವರಿಗೆ ಒಂದೆರಡು ಮಾತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಿಕೊಳ್ಳುತ್ತದೆ. ರೊಬಸ್ಟಾಗೆ ಅದಾಗದು, ಬೇರೆ ಗಿಡದ ಪರಾಗವೇ ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಜಾಸ್ತಿ ತರುತ್ತದೆ. ಕೊಡಗಿನ ರೊಬಸ್ಟಾ ತೋಟಗಳಲ್ಲಿ ಈ ಕೆಲಸದಲ್ಲಿ ಹೆಜ್ಜೇನೇ ಮುಂದು, ಅದರ ಜೊತೆಗೆ ತುಡುವೆ ಮತ್ತು ಚುಚ್ಚದ ಪುಟ್ಟ ಜೇನು ಎಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತ್ತು. ಇವಳ ಕೆಲಸ ಅಲ್ಲಿಂದ ಮುಂದಕ್ಕೆ.

ಕೆಲಸದ ರೀತಿ ಹೀಗೆ. ಹೂ ಅರಳುವ ಮೊದಲೇ ಕೆಲವು ರೆಂಬೆಗಳಿಗೆ ತೆಳು ಮಲ್‌ಮಲ್ ಬಟ್ಟೆಯ ಚೀಲ ಕಟ್ಟಬೇಕು, ಜೇನೂ ಬೇಡ, ಪರಾಗವೂ ಬೇಡ ಎಂದು. ಕೆಲವಕ್ಕೆ ದೊಡ್ಡ ಕಣ್ಣಿನ ಬಲೆ: ಗಾಳಿಗೆ ದಾರಿ ಇದೆ, ಜೇನಿಗಿಲ್ಲ. ಕೆಲವು ಹಾಗೇ ಬಿಟ್ಟದ್ದು. ಇನ್ನು ಕೆಲವಕ್ಕೆ ಬೇರೆ ಗಿಡದ ಹೂ ತಂದು ಕೈಯಾರೆ ಪರಾಗ ಸವರಬೇಕು. ಯಾವುದರಲ್ಲಿ ಎಷ್ಟು ಕಾಯಿ ಕಟ್ಟುತ್ತದೆ ಎಂದು ಹೋಲಿಸುವುದಕ್ಕೆ ಇದೆಲ್ಲ. ಹೂ ಬಿಟ್ಟ ದಿನ ಹತ್ತು ಹತ್ತು ನಿಮಿಷ ಒಂದೊಂದು ಗಿಡದ ಮುಂದೆ ನಿಂತು ಬಂದ ಜೇನನ್ನು ಎಣಿಸಬೇಕು. ಮೂರನೇ ದಿನಕ್ಕೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎಣಿಸಲು ಏನೂ ಇರುವುದಿಲ್ಲ, ಮುಂದಿನ ಮಾರ್ಚ್‌ವರೆಗೆ.

ಅಂದರೆ ಅವಳ ವರ್ಷವಿಡೀ ದುಡಿಮೆಯ ತಿರುಳು ಎರಡು ದಿನದ್ದು. ಆ ಎರಡು ದಿನವೂ ಕಾನ್ಫರೆನ್ಸಿನ ಮೇಲೇ ಬಂದು ಕೂತಿತ್ತು.

ಇದು ಅವಳ ತಪ್ಪಲ್ಲ. ಕಾನ್ಫರೆನ್ಸಿಗೆ ಸಾರಾಂಶ ಕಳಿಸಿದ್ದು ಅಕ್ಟೋಬರಿನಲ್ಲಿ. ಮಾರ್ಚಿನ ಮಳೆ ಯಾವ ರಾತ್ರಿ ಬರುತ್ತದೆ ಎಂದು ಅಕ್ಟೋಬರಿನಲ್ಲಿ ಯಾರು ಹೇಳಿಯಾರು? ಇಲ್ಲಿ ಫೀಲ್ಡ್‌ವರ್ಕ್ ಮಾಡುವವರಿಗೆ ಮಳೆಗಾಲದಲ್ಲಿ, ಇಲ್ಲವೇ ಅದರ ಕೊನೆಗೆ ಬರುವ ಸಭೆಗಳೇ ಅನುಕೂಲ. ಬೆಂಗಳೂರಿನಲ್ಲಿ 2010ರಿಂದ ನಡೆಯುತ್ತಿರುವ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ ಅಂಥದ್ದು. 2023ರಲ್ಲಂತೂ ಎರಡು ಜಾಗತಿಕ ಸಭೆ ನಮ್ಮ ಹತ್ತಿರಕ್ಕೇ ಬಂದಿದ್ದವು. ಜುಲೈಯಲ್ಲಿ ಉಷ್ಣವಲಯದ ಜೀವಶಾಸ್ತ್ರಜ್ಞರ ಎಟಿಬಿಸಿ ಸಭೆ ಕೊಯಮತ್ತೂರಿನಲ್ಲಿ, ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲಿ. ಇವಳು ಆಗಿನ್ನೂ ಪಿಎಚ್‌ಡಿಗೆ ಸೇರಿರಲಿಲ್ಲ.

ಹಾಗಾದರೆ ಈ ಮಾರ್ಚಿನದನ್ನು ಬಿಟ್ಟುಬಿಡಬಹುದಿತ್ತಲ್ಲ? ಅದಕ್ಕೂ ಹಿಂದಿನ ಒಂದು ಕಥೆ ಇದೆ.

ಪ್ರಮಾಣಪತ್ರದ ಕಾನ್ಫರೆನ್ಸ್

ಮೊದಲ ವರ್ಷ ಅವಳು ಒಂದು ದಿನದ 'ಅಂತಾರಾಷ್ಟ್ರೀಯ' ಕಾನ್ಫರೆನ್ಸಿಗೆ ಹೋಗಿದ್ದಳು. ಎಲ್ಲಿ, ಯಾರದ್ದು ಎಂಬುದು ಬೇಡ. ಕಟ್ಟಿದ್ದು ಎರಡು ಸಾವಿರ ರೂಪಾಯಿ. ಬಾಗಿಲಲ್ಲೇ ಒಂದು ಚೀಲ, ಒಂದು ಪೆನ್ನು, ಪ್ರಮಾಣಪತ್ರ. ಪ್ರಬಂಧ ಮಂಡಿಸಿದ್ದಾರೆ ಎಂದು ಅದರಲ್ಲಿ ಆಗಲೇ ಅಚ್ಚಾಗಿತ್ತು! ಮಂಡಿಸಿದ್ದು ಆಮೇಲೆ. ಒಂದೇ ಹಾಲಿನಲ್ಲಿ ನಲವತ್ತು ಜನ, ತಲೆಗೆ ಐದು ನಿಮಿಷ. ಇವಳ ಹಿಂದೆ ಮಾತಾಡಿದವರದು ಬ್ಯಾಂಕ್ ಸಾಲದ ವಿಷಯ, ಮುಂದಿನವರದು ಯೋಗ. ಊಟ ಮಾತ್ರ ಚೆನ್ನಾಗಿತ್ತಂತೆ.

ಇಂಥವು ಯಾಕೆ ನಡೆಯುತ್ತವೆ ಎಂದರೆ, ಯುಜಿಸಿಯ 2016ರ ನಿಯಮದ ಪ್ರಕಾರ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಎರಡು ಕಡೆ ಮಂಡನೆ ಆಗಿರಬೇಕಿತ್ತು, ಒಂದು ಲೇಖನವೂ ಪ್ರಕಟವಾಗಿರಬೇಕಿತ್ತು. 2022ರ ಹೊಸ ನಿಯಮದಲ್ಲಿ ಅದು ಕಡ್ಡಾಯವಲ್ಲ. ಆದರೂ ಎಷ್ಟೋ ಕಡೆ ಕಚೇರಿಯ ಫಾರಂ ಹಳೆಯದೇ, ಕೇಳುವ ಕಾಗದವೂ ಹಳೆಯದೇ. ಕಾಗದ ಬೇಕಾದವರು ಇದ್ದಷ್ಟು ದಿನ ಮಾರುವವರೂ ಇರುತ್ತಾರೆ.

ಬೆಂಗಳೂರಿನದು ಅಂಥದ್ದಲ್ಲ. ಸಾರಾಂಶವನ್ನು ಇಬ್ಬರು ಓದಿ ಟಿಪ್ಪಣಿ ಬರೆದಿದ್ದರು. ಅವಳು ಕೇಳಿದ್ದು ಪೋಸ್ಟರ್ (ದೊಡ್ಡ ಹಾಳೆ ಅಂಟಿಸಿ, ಪಕ್ಕದಲ್ಲಿ ನಿಂತು ವಿವರಿಸುವುದು), ಅವರೇ ಅದನ್ನು ಮಾತಿಗೆ ಏರಿಸಿದ್ದರು. ಎರಡನೇ ವರ್ಷದವರಿಗೆ ಹೀಗಾಗುವುದು ಕಡಿಮೆ. ಇನ್ನೊಂದು ಲೆಕ್ಕವೂ ಇತ್ತು. ಪಿಎಚ್‌ಡಿ ಮುಗಿದ ಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗ ಮೂವರ ಶಿಫಾರಸು ಕೇಳುತ್ತಾರೆ. ಗೈಡ್ ಒಬ್ಬರಾದರು, ಸಮಿತಿಯಲ್ಲಿದ್ದವರು ಒಬ್ಬರು. ಮೂರನೆಯವರು? ನಮ್ಮ ಸಂಸ್ಥೆಯ ಹೊರಗೆ ಇವಳ ಮಾತನ್ನು ಒಮ್ಮೆಯಾದರೂ ಕೇಳಿದವರು ಬೇಕಲ್ಲ. ಕೊಡಗಿಗೆ ರೈಲೇ ಇಲ್ಲ, ಯಾರೂ ಸುಮ್ನೆ ಈ ಕಡೆ ಹಾದುಹೋಗುವುದಿಲ್ಲ. ನಾವೇ ಹೋಗಿ ಮುಖ ತೋರಿಸಬೇಕು.

ಆ ಎಂಟು ದಿನ

ಗುರುವಾರ ಇಡೀ ಅವಳು ಎಲ್ಲರ ಸಲಹೆ ಕೇಳಿದಳು. ಗೈಡ್ ಹೇಳಿದ್ದು: 'ನೀನು ಹೂ ನೋಡ್ಕೋ, ಟಾಕ್ ನಾನು ಕೊಡ್ತೀನಿ.' ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಗೈಡ್ ಮಾತಾಡಿದರೆ ಕೇಳಿದವರ ನೆನಪಲ್ಲಿ ಉಳಿಯುವುದು ಗೈಡೇ. ಅವಳ ಅಮ್ಮ ಹೇಳಿದ್ದು: 'ಸಭೆ ಬಾಕಿ ವರ್ಷಾನೂ ಇರ್ತದೆ, ಹೂವಿಗೆ ಕಾಯೋಕೆ ಹೇಳಕ್ಕಾಗ್ತದಾ?' ನಾನು ಹೇಳಿದ್ದು: 'ಸುಮ್ನೆ ಬೆಂಗಳೂರಿಗೆ ಹೋಗು. ಎಣಿಸೋದಕ್ಕೆ ಹುಡುಗರನ್ನ ಬಿಡೋಣ.'

ನನ್ನ ಸಲಹೆಯೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಈಗ ಅನಿಸುತ್ತದೆ. ನಾನೂ ಒಂದು ಕಾಲದಲ್ಲಿ ಹಾಗೇ ಹೋಗಿ, ವಾಪಸ್ ಬಂದು ನೋಡಿದರೆ ಅರ್ಧ ಚೀಲ ಬಿಚ್ಚಿಹೋಗಿದ್ದನ್ನು ಮರೆತೇಬಿಟ್ಟಿದ್ದೆ.

ಮೊದಲು ಅವಳು ಹೂವನ್ನೇ ಮುಂದಕ್ಕೆ ಹಾಕಲು ನೋಡಿದಳು. ತಮಾಷೆಯಲ್ಲ. ಅವಳ ಆರು ಜಾಗಗಳಲ್ಲಿ ಮೂರು ಸುಂಟಿಕೊಪ್ಪದ ಸುತ್ತ, ಮೂರು ಸಿದ್ದಾಪುರದ ಕಡೆ. ಸಿದ್ದಾಪುರದ ಕಡೆ ಆ ರಾತ್ರಿ ಬಿದ್ದದ್ದು ಬರೀ 40 ಸೆಂಟ್. ಹೂವಿಗೆ ಸಾಲದು. ಆ ತೋಟಗಳಲ್ಲಿ ಸ್ಪ್ರಿಂಕ್ಲರ್ ಇದೆ, ತೋಟದವರ ಬಾಯಲ್ಲಿ 'ಜೆಟ್'. ನೀರು ನಾಲ್ಕು ದಿನ ತಡವಾಗಿ ಕೊಟ್ಟರೆ ಹೂವೂ ನಾಲ್ಕು ದಿನ ತಡ ಆಗುತ್ತದಲ್ಲ ಎಂಬುದು ಲೆಕ್ಕ. ತೋಟದ ಸಾಹುಕಾರರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು, 'ಅರೆಬರೆ ಮಳೆ ಬಿದ್ದಮೇಲೆ ಬಿಡೋ ಹಾಗಿಲ್ಲಮ್ಮಾ, ಮೊಗ್ಗು ಕೆಟ್ಟುಹೋಗ್ತದೆ. ಜೆಟ್ ಆಗಲೇ ಶುರುಮಾಡಿಸಿದೀನಿ.' ಅವರು ಹೇಳಿದ್ದೇ ಸರಿ. ಒಂದು ವರ್ಷದ ಫಸಲನ್ನು ನಮ್ಮ ಪವರ್‌ಪಾಯಿಂಟಿಗಾಗಿ ಪಣಕ್ಕಿಡಿ ಎಂದು ಯಾರನ್ನೂ ಕೇಳುವಂತಿಲ್ಲ.

ಹೂವು ಜಗ್ಗದಿದ್ದರೆ ಸಭೆಯನ್ನು ಜಗ್ಗಬೇಕು. ಭಾನುವಾರ ರಾತ್ರಿ ತೋಟದ ಕಣದ ಮೂಲೆಯಲ್ಲಿ ನಿಂತು, ಅಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ, ಸಂಘಟಕರಿಗೆ ಮೇಲ್ ಕಳಿಸಿದಳು. ಮೊದಲ ಕರಡು ನಾನು ನೋಡಿದ್ದೆ. ಒಂದೂವರೆ ಪುಟ, ಆರು ಕ್ಷಮೆ. ಕಳಿಸಿದ್ದು ನಾಲ್ಕು ಸಾಲು: ನನ್ನ ಅಧ್ಯಯನದ ಗಿಡ ವರ್ಷಕ್ಕೊಮ್ಮೆ ಎರಡು ದಿನ ಹೂ ಬಿಡುತ್ತದೆ. ಈ ವರ್ಷ ಅದು ಗುರುವಾರ ಮತ್ತು ಶುಕ್ರವಾರ. ಶನಿವಾರ ಯಾವ ಹೊತ್ತಿಗಾದರೂ, ಯಾವ ವಿಭಾಗದಲ್ಲಾದರೂ ಮಾತಾಡಲು ಸಿದ್ಧ. ಜಾಗವಿಲ್ಲದಿದ್ದರೆ ಮಂಗಳವಾರದೊಳಗೆ ತಿಳಿಸಿದರೆ ನನ್ನ ಜಾಗವನ್ನು ಬೇರೆಯವರಿಗೆ ಕೊಡಬಹುದು.

ಆ ಕೊನೆಯ ಸಾಲನ್ನು ಹೊಸಬರು ಬರೆಯುವುದೇ ಇಲ್ಲ. ಬರದೇ ಇರುವವರಿಗಿಂತ, ಬರುವುದಿಲ್ಲ ಎಂದು ಹೇಳದವರಿಂದಲೇ ಸಂಘಟಕರಿಗೆ ತೊಂದರೆ ಜಾಸ್ತಿ.

ಸೋಮವಾರ ಮಧ್ಯಾಹ್ನ ಉತ್ತರ ಬಂತು. ಶನಿವಾರ ಕೊನೆಯ ಅವಧಿಯಲ್ಲಿ ಒಬ್ಬರು ಹಿಂದೆ ಸರಿದಿದ್ದರು. 3.40ಕ್ಕೆ ಮಾತಾಡಬಹುದು. ಆದರೆ ಅದು ಜೇನಿನ ವಿಭಾಗವಲ್ಲ, ಎಲ್ಲ ಸೇರಿದ ಕಿಚಡಿ ವಿಭಾಗ. ಕೊನೆಯ ದಿನ, ಕೊನೆಯ ಗಂಟೆ. ಆಗ ಅರ್ಧ ಜನ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಏರ್‌ಪೋರ್ಟ್ ದಾರಿಯಲ್ಲಿರುತ್ತಾರೆ. ಅವಳು ಐದೇ ನಿಮಿಷದಲ್ಲಿ ಒಪ್ಪಿಕೊಂಡಳು.

ಇನ್ನೊಂದು ಮೇಲ್ ಕೂಡ ಹೋಗಿತ್ತು. ಯಾರನ್ನು ಭೇಟಿಯಾಗಬೇಕೆಂದು ಅವಳು ಅಕ್ಟೋಬರಿನಿಂದ ಕನಸು ಕಾಣುತ್ತಿದ್ದಳೋ ಆ ಹಿರಿಯ ಜೇನು ತಜ್ಞರು ಶುಕ್ರವಾರ ಸಂಜೆಯೇ ಹೊರಡುವವರು. ಇಪ್ಪತ್ತು ನಿಮಿಷ ಫೋನಿನಲ್ಲಿ ಸಿಗುತ್ತೀರಾ ಎಂದು ಬರೆದಳು. ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಸೋಮವಾರ, ಮಂಗಳವಾರ ಹುಡುಗರ ತಯಾರಿ. ಒಬ್ಬ ಬಿಎಸ್ಸಿ ಓದುವ ಹುಡುಗ, ಇನ್ನೊಬ್ಬ ಎಸ್ಟೇಟಿನ ರೈಟರ, ಅಂದರೆ ಲೆಕ್ಕಪತ್ರ ನೋಡುವವರ, ಮಗ. ಹೂವೇ ಇಲ್ಲದೆ ಎಣಿಸಲು ಕಲಿಸುವುದು ಹೇಗೆ? ಹಿಂದಿನ ವರ್ಷ ತೆಗೆದ ವಿಡಿಯೋ ಹಾಕಿದಳು. ಹತ್ತು ನಿಮಿಷದ ಒಂದೇ ವಿಡಿಯೋಗೆ ಮೂವರ ಲೆಕ್ಕ 14, 17, 22. ಬಿಎಸ್ಸಿ ಹುಡುಗ ಒಂದೇ ಜೇನು ಹೋಗಿ ವಾಪಸ್ ಬಂದರೆ ಎರಡು ಎಂದು ಎಣಿಸುತ್ತಿದ್ದ. ರೈಟರ ಮಗ ಹೂವಿನ ಮೇಲೆ ಕೂತದ್ದನ್ನು ಮಾತ್ರ ಎಣಿಸುತ್ತಿದ್ದ, ಸುತ್ತ ಹಾರಿದ್ದನ್ನು ಬಿಡುತ್ತಿದ್ದ. ಅವನದೇ ಸರಿ ಎಂದು ತೀರ್ಮಾನವಾಯಿತು. ಹದಿನೈದು ವಿಡಿಯೋ ಆದಮೇಲೆ ಮೂವರ ಲೆಕ್ಕವೂ ಒಂದೆರಡರ ಅಂತರಕ್ಕೆ ಬಂತು. ಈ ಬಿಕ್ಕಟ್ಟು ಬರದಿದ್ದರೆ ಅವಳು ಈ ಪರೀಕ್ಷೆ ಮಾಡುತ್ತಲೇ ಇರಲಿಲ್ಲ.

ಗುರುವಾರ, ಶುಕ್ರವಾರ

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಸುಂಟಿಕೊಪ್ಪದ ತೋಟ ಬೆಳ್ಳಗಾಗಿತ್ತು. ಆ ಘಮವನ್ನು ಮಲ್ಲಿಗೆಗೆ ಹೋಲಿಸುತ್ತಾರೆ. ನನಗೆ ಮಲ್ಲಿಗೆಗಿಂತ ಸ್ವಲ್ಪ ಭಾರ ಅನಿಸುತ್ತದೆ, ಹತ್ತು ನಿಮಿಷಕ್ಕೆ ತಲೆ ಹಿಡಿದುಕೊಳ್ಳುವಷ್ಟು. ನಾನೂ ಹೋಗಿದ್ದೆ, ಚೀಟಿ ಬರೆಯಲು. ಕೈಯಿಂದ ಪರಾಗ ಸವರುವ ಕೆಲಸ ಮಾತ್ರ ಅವಳು ಯಾರಿಗೂ ಬಿಡಲಿಲ್ಲ. ಒಂದು ಹೂವನ್ನು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಕಿವಿಗೆ ಹತ್ತಿಯ ಕಡ್ಡಿ ಹಾಕುವಷ್ಟು ಹಗುರವಾಗಿ ಇನ್ನೊಂದರ ಶಲಾಕೆಯ (ಹೂವಿನ ನಡುವಿನ ಕಡ್ಡಿಯ) ತುದಿಗೆ ಮುಟ್ಟಿಸುವುದು. ಒಂದು ಗೊಂಚಲಿಗೆ ಕಾಲು ಗಂಟೆ.

ಆ ರಾತ್ರಿ ಅವಳು ತೋಟದಲ್ಲೇ ಉಳಿದಳು. ಹುಣ್ಣಿಮೆ ಕಳೆದು ಎರಡನೇ ರಾತ್ರಿ. ಊಟ ಮುಗಿಸಿ ಬಟ್ಟೆಚೀಲ ಸರಿಯಿದೆಯೇ ನೋಡಲು ಹೋದರೆ ಗಿಡಗಳ ಮೇಲೆ ಗುಂಯ್ ಎಂಬ ಸದ್ದು. ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬರು ನಕ್ಕರಂತೆ: 'ಮೇಡಂ, ಬೆಳದಿಂಗಳಿದ್ರೆ ಹೆಜ್ಜೇನು ಮಲಗಲ್ಲ.' ಹೆಜ್ಜೇನು ಬೆಳದಿಂಗಳಲ್ಲಿ ಹೂವಿಗೆ ಬರುತ್ತದೆ ಎಂಬುದು ವಿಜ್ಞಾನಿಗಳಿಗೆ ಹೊಸದಲ್ಲ. ಆದರೆ ಅವಳ ಎಣಿಕೆ ಪಟ್ಟಿ ಬೆಳಗ್ಗೆ 7ರಿಂದ 12ರವರೆಗೆ ಮಾತ್ರ. ರಾತ್ರಿಗೆ ಕಾಲಂ ಇರಲಿಲ್ಲ. ಅಂಚಿನಲ್ಲಿ 'ರಾತ್ರಿ 9.30, ಸದ್ದು' ಎಂದು ಬರೆದುಕೊಂಡು ಮಲಗಿದಳು.

ಶುಕ್ರವಾರ ಮಧ್ಯಾಹ್ನದವರೆಗೆ ಸಿದ್ದಾಪುರದ ಕಡೆ ಕೆಲಸ. ಸರಿಯಾಗಿ 11.20ಕ್ಕೆ, ಬೆಂಗಳೂರಿನಲ್ಲಿ, ಜೇನಿನ ವಿಭಾಗದ ಅಧ್ಯಕ್ಷರು ಅವಳ ಹೆಸರು ಕರೆದರು. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ಹಳೆಯ ಸಮಯವೇ ಇತ್ತು. ಬದಲಾವಣೆ ಅವರಿಗೆ ತಲುಪಿರಲಿಲ್ಲ. 'ಬಂದಿಲ್ಲ ಅನಿಸುತ್ತದೆ' ಎಂದು ಮುಂದಿನವರನ್ನು ಕರೆದರು. ನಮ್ಮವರೊಬ್ಬರು ಅಲ್ಲಿದ್ದರು, ನನಗೆ ಮೆಸೇಜ್ ಹಾಕಿದರು. ಇಡೀ ಪ್ರಕರಣದಲ್ಲಿ ನಿಜವಾಗಿ ನಷ್ಟವಾದದ್ದು ಇಲ್ಲೇ. ಸಂಘಟಕರು ಹೂಂ ಅಂದರೆ ಕೆಲಸ ಮುಗಿಯಿತು ಎಂದು ಅವಳೂ ನಾನೂ ಅಂದುಕೊಂಡಿದ್ದೆವು. ಆ ಅವಧಿಯ ಅಧ್ಯಕ್ಷರಿಗೆ ನೇರವಾಗಿ ಒಂದು ಸಾಲು ಬರೆಯಬೇಕಿತ್ತು. ಹಾಲಿನ ಬಾಗಿಲಿಗೆ 'ಶನಿವಾರ 3.40ಕ್ಕೆ' ಎಂದು ಒಂದು ಚೀಟಿ ಅಂಟಿಸಲು ಅಲ್ಲಿದ್ದ ಯಾರಿಗಾದರೂ ಹೇಳಬಹುದಿತ್ತು. ಅಂಟು, ಕಾಗದ, ಎರಡು ನಿಮಿಷ. ನಮಗೆ ಹೊಳೆಯಲೇ ಇಲ್ಲ.

ರಾತ್ರಿ ಬಸ್ಸು. ಬೆಳಗಿನ ಜಾವ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು, ಗೆಳತಿಯ ಹಾಸ್ಟೆಲಿನಲ್ಲಿ ಸ್ನಾನ ಮಾಡಿ, ಒಂಬತ್ತಕ್ಕೆ ಹಾಲಿನಲ್ಲಿದ್ದಳು. ಕೂದಲಲ್ಲಿ ಇನ್ನೂ ಕಾಫಿ ಹೂವಿನ ವಾಸನೆ ಇತ್ತು ಎಂದು ಗೆಳತಿ ಹೇಳಿದಳಂತೆ.

ಶನಿವಾರ 3.40

ಹಾಲಿನಲ್ಲಿ ಹನ್ನೊಂದು ಜನ. ಅವಳು ಎಣಿಸಿದ್ದಾಳೆ, ಎಣಿಸುವುದೇ ಅವಳ ಕಸುಬಲ್ಲವೇ. ಅದರಲ್ಲಿ ಇಬ್ಬರು ಮುಂದೆ ಮಾತಾಡಬೇಕಾದವರು, ಒಬ್ಬ ಮೈಕಿನ ಹುಡುಗ.

ಮಾತು ಹೇಗಾಯಿತು ಎಂದರೆ, ಸುಮಾರಾಗಿತ್ತು. ಹಿಂದಿನ ವರ್ಷದ ಅಂಕಿಅಂಶ, ಹದಿನಾಲ್ಕು ಸ್ಲೈಡ್. ಹನ್ನೆರಡು ನಿಮಿಷಕ್ಕೆ ಹದಿನಾಲ್ಕು ಜಾಸ್ತಿಯೇ. ಕೊನೆಯ ಮೂರನ್ನು ಓಡಿಸಿದಳು. ಗೆರೆನಕ್ಷೆಯ ಅಕ್ಷರ ಹಿಂದಿನ ಸಾಲಿಗೆ ಕಾಣುತ್ತಿರಲಿಲ್ಲ.

ಪ್ರಶ್ನೆ ಒಂದೇ ಬಂತು. ಎರಡನೇ ಸಾಲಿನಲ್ಲಿ ಕೂತಿದ್ದ ಹಿರಿಯರು, ಕಾಫಿ ಸಂಶೋಧನೆಯಲ್ಲೇ ದುಡಿದು ನಿವೃತ್ತರಾದವರು, ಮೈಕ್ ಬೇಡವೆಂದು ಹಾಗೇ ಕೇಳಿದರು. 'ನೀವು ಎಣಿಸಿದ್ದು ಏಳರಿಂದ ಹನ್ನೆರಡು. ಹೆಜ್ಜೇನು ಬೆಳದಿಂಗಳಲ್ಲೂ ಬರುತ್ತೆ. ಹೂವು ಹುಣ್ಣಿಮೆ ಹತ್ತಿರ ಬಿಟ್ಟರೆ ನಿಮ್ಮ ಲೆಕ್ಕ ಹೆಜ್ಜೇನಿಗೆ ಅನ್ಯಾಯ ಮಾಡುತ್ತಲ್ಲಮ್ಮಾ?'

ಶುಕ್ರವಾರ ಬೆಳಗ್ಗೆ 11.20ಕ್ಕೆ ಈ ಪ್ರಶ್ನೆ ಬಂದಿದ್ದರೆ, ಅವಳು ಬುಧವಾರವೇ ಬೆಂಗಳೂರಿಗೆ ಬಂದು ಕೂತಿದ್ದರೆ, 'ಒಳ್ಳೆಯ ಪ್ರಶ್ನೆ, ನೋಡುತ್ತೇವೆ' ಎಂದು ಹೇಳಿ ಇಳಿಯುತ್ತಿದ್ದಳು. ಎಲ್ಲರೂ ಹಾಗೇ ಹೇಳುವುದು. ಅವಳು ಹೇಳಿದ್ದು: 'ಸಾರ್, ಮೊನ್ನೆ ರಾತ್ರಿ ಒಂಬತ್ತೂವರೆಗೆ ಸದ್ದು ಕೇಳಿದೆ. ಎಣಿಸಿಲ್ಲ. ಕತ್ತಲಲ್ಲಿ ಎಣಿಸೋದು ಹೇಗೆ ಅಂತ ಗೊತ್ತಿಲ್ಲ.'

ಅವರು ಟೀ ಹೊತ್ತಿಗೆ ಹುಡುಕಿಕೊಂಡು ಬಂದರು. ನಲವತ್ತು ನಿಮಿಷ ನಿಂತೇ ಮಾತು. ತಲೆಗೆ ಕಟ್ಟುವ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ, ಜೇನಿನ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ ಎಂದರು. ಚೀಲವನ್ನು ಎರಡು ಪಾಳಿ ಮಾಡಿ ಎಂದರು: ಕೆಲವು ಗಿಡಗಳಿಗೆ ಹಗಲು ಮಾತ್ರ ಚೀಲ, ಕೆಲವಕ್ಕೆ ರಾತ್ರಿ ಮಾತ್ರ. ಆಗ ರಾತ್ರಿಯ ಜೇನು ಎಷ್ಟು ಕಾಯಿ ಕಟ್ಟಿಸಿತು ಎಂಬುದು ಜೇನನ್ನು ಎಣಿಸದೆಯೇ ಗೊತ್ತಾಗುತ್ತದೆ. ಅವಳು ಇದನ್ನೆಲ್ಲ ಊಟದ ಕೂಪನ್ನಿನ ಹಿಂಬದಿಯಲ್ಲಿ ಬರೆದುಕೊಂಡಿದ್ದಾಳೆ. ಕೂಪನ್ ನಾನು ನೋಡಿದೆ. ಗುರುವಾರದ್ದು, ಬಳಸದೇ ಉಳಿದದ್ದು.

ಅವಳು ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡಬಾರದು. ಗುರುವಾರದ ಅಂಕಿಅಂಶ ಕಾರ್ಯಾಗಾರ ಹೋಯಿತು. ಪೋಸ್ಟರ್ ಸಂಜೆ ಹೋಯಿತು. ಅವಳ ವಯಸ್ಸಿನವರು ಒಬ್ಬರಿಗೊಬ್ಬರು ಗುರುತಾಗುವುದು ಅಲ್ಲೇ. ದೊಡ್ಡವರ ಭಾಷಣಕ್ಕಿಂತ ಅದರಿಂದಲೇ ಮುಂದೆ ಉಪಯೋಗ ಜಾಸ್ತಿ. 'ಬಂದಿಲ್ಲ ಅನಿಸುತ್ತದೆ' ಎಂಬ ಮಾತನ್ನು ಕೇಳಿದವರು ಎಷ್ಟು ಜನವೋ. ಅವರಲ್ಲಿ ಒಬ್ಬರು ಮುಂದೆ ಯಾವುದೋ ಆಯ್ಕೆ ಸಮಿತಿಯಲ್ಲಿ ಕೂರಬಹುದು. ಪೋಸ್ಟರ್ ಆಗಿದ್ದರೆ ನಾನು ಖಂಡಿತ 'ರದ್ದು ಮಾಡು, ತೋಟದಲ್ಲಿರು' ಎನ್ನುತ್ತಿದ್ದೆ. ಮಾತು ಆದ್ದರಿಂದ ಅವಳು ಮಾಡಿದ್ದೇ ಸರಿ ಎನ್ನುತ್ತೇನೆ, ಆದರೆ ಸ್ವಲ್ಪ ಅಳುಕಿನಿಂದಲೇ.

ಮುಂದಿನ ವರ್ಷದ ಹೂವಿಗೆ ಪಟ್ಟಿಯಲ್ಲಿ ರಾತ್ರಿಯ ಕಾಲಂ ಸೇರಿತು. ಎರಡು ಪಾಳಿಯ ಚೀಲವೂ ಆಯಿತು. ಫಲಿತಾಂಶ ಅವಳದು, ಅವಳೇ ಪ್ರಕಟಿಸಲಿ. ಶಿಫಾರಸಿನ ಮೂರನೇ ಹೆಸರು ಮಾತ್ರ ಈಗ ಸಿಕ್ಕಿದೆ, ಆ ಎರಡನೇ ಸಾಲಿನವರದ್ದು.

ಬಿಲ್ಲು

ಕೊನೆಗೆ ಖರ್ಚಿನ ವಿಷಯ. ನೋಂದಣಿ ಶುಲ್ಕ, ಹೋಗಿ ಬರುವ ಬಸ್ಸು, ಒಂದು ದಿನದ ಭತ್ಯೆ. ಅವಳು ಪ್ರಾಮಾಣಿಕವಾಗಿ ಒಂದೇ ದಿನಕ್ಕೆ ಬರೆದಳು. ಬಿಲ್ ವಾಪಸ್ ಬಂತು. ಪ್ರಮಾಣಪತ್ರದಲ್ಲಿ ಮೂರು ದಿನ, ಬಿಲ್ಲಿನಲ್ಲಿ ಒಂದು ದಿನ, ತಾಳೆಯಾಗುತ್ತಿಲ್ಲ, ಕಾರಣ ಕೊಡಿ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಮೂರು ದಿನಕ್ಕೂ ಹಾಕಿದ್ದರೆ ಒಂದೇ ಸಲಕ್ಕೆ ಪಾಸಾಗುತ್ತಿತ್ತು.

ಅವಳು ಬಿಳಿ ಹಾಳೆಯಲ್ಲಿ ಕಾರಣ ಬರೆದಳು: 'ಗುರುವಾರ ಮತ್ತು ಶುಕ್ರವಾರ ಕಾಫಿ ಹೂ ಬಿಟ್ಟಿದ್ದರಿಂದ ಹಾಜರಾಗಲು ಆಗಲಿಲ್ಲ.' ಕೊಡಲು ನಾನೂ ಜೊತೆಗೆ ಹೋಗಿದ್ದೆ. ಗುಮಾಸ್ತರು ಕನ್ನಡಕ ಏರಿಸಿ ಎರಡು ಸಲ ಓದಿದರು. ಅವರಿಗೂ ಎಲ್ಲೋ ಎರಡು ಎಕರೆ ತೋಟ ಇತ್ತಂತೆ.

'ನಿಮ್ಮಲ್ಲಿ ಎಷ್ಟು ಬಿದ್ದಿತ್ತು?' ಎಂದರು.

'ಒಂದು ಮೂವತ್ತೈದು, ಸಾರ್.'

'ನಮ್ಮಲ್ಲಿ ಎಂಬತ್ತು ಸೆಂಟು, ಅಷ್ಟೇ' ಎಂದು ಮೊಹರು ಒತ್ತಿದರು. ಹಣ ಬಂದದ್ದು ಆಗಸ್ಟಿನಲ್ಲಿ.